ಯಂತ್ರಬುದ್ಧಿಯ ಕಾಲದಲ್ಲಿ ವಿವೇಚನೆಯ ಕಾಯಕ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೃತಕ ಬುದ್ಧಿಮತ್ತೆಯು ಮನೆಮನೆಗೆ ಬಂದಿರುವ ಈ ಕಾಲದಲ್ಲಿ ನಮ್ಮ ವಿವೇಚನಾಶಕ್ತಿಯನ್ನು ಮಂದವಾಗಗೊಡದೆ ಕಾಪಾಡಿಕೊಳ್ಳುವ ಬಗೆ ಯಾವದು ಎಂಬದೇ ಇಂದಿನ ವಿಷಯವು. ಮಹೋತ್ಸವ ಸಮಿತಿಯವರು ಇದರ ಮೇಲೆ ಮಾತನಾಡಬೇಕೆಂದು ಅಪ್ಪಣೆಯಿತ್ತಾಗ ನಾನು ಹಿಂದೆಗೆದೆನು. ಯಂತ್ರಶಾಸ್ತ್ರವನ್ನು ಬಲ್ಲ ತರುಣರು ನಮ್ಮ ಶಿಷ್ಯಮಂಡಲದಲ್ಲಿ ಎಷ್ಟೋ ಜನರಿರುವರು. ಜೀವಮಾನವೆಲ್ಲ ಮಕ್ಕಳಿಗೆ ಕನ್ನಡವನ್ನು ಕಲಿಸಿದ ನನ್ನಂಥವನಿಗೆ ಇಲ್ಲಿ ಅಧಿಕಾರವೆಲ್ಲಿಯದು? ಆದರೆ ಯೋಚಿಸಿ ನೋಡಲಾಗಿ ನನಗೂ ಒಂದು ಬಗೆಯ ಅಧಿಕಾರವುಂಟೆಂದು ತೋರಿತು. ಅದು ಎಡವಿ ಬಿದ್ದು ಎದ್ದವನ ಅಧಿಕಾರವು. ಆದಕಾರಣ ಮೊದಲು ನನ್ನ ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಂಡು ಆಮೇಲೆ ವಿಷಯಕ್ಕೆ ಬರುವೆನು.

ಈ ಸ್ಮರಣ ಸಂಪುಟಕ್ಕಾಗಿ ಒಂದು ಲೇಖನವನ್ನು ಬರೆದುಕೊಡುವ ಸೇವೆಯು ನನ್ನ ಪಾಲಿಗೆ ಬಂದಿತ್ತು. ಕಾಲದ ಸದುಪಯೋಗವನ್ನು ಕುರಿತು ಬಸವಣ್ಣನವರ ವಚನವೊಂದು ಬೇಕೆಂದು ನಾನು ಹುಡುಕುತ್ತಿರಲು, ಮನೆಯ ಹುಡುಗನು ತನ್ನ ಕೈಯೊಳಗಿನ ಫೋನಿನಲ್ಲಿ ಯಂತ್ರವನ್ನು ಕೇಳಿ ಕ್ಷಣಾರ್ಧದಲ್ಲಿ ಒಂದನ್ನು ತೆಗೆದುಕೊಟ್ಟನು. ಎಂಟು ಸಾಲುಗಳಿದ್ದವು, ಕೊನೆಗೆ ಕೂಡಲಸಂಗಮದೇವನ ಅಂಕಿತವಿತ್ತು, ನಡೆಯೂ ಸೊಗಸಾಗಿತ್ತು. ನಾನು ಅದನ್ನು ಲೇಖನದಲ್ಲಿ ಸೇರಿಸಿದೆನು. ಅಷ್ಟಕ್ಕೆ ನಿಲ್ಲದೆ, ಶ್ರೀಮಠದ ಸೋಮವಾರದ ಗೋಷ್ಠಿಯಲ್ಲಿ ಅದರ ಮೇಲೆ ಅರ್ಧ ತಾಸು ನಿರ್ವಚನವನ್ನು ಮಾಡಿದೆನು. ಕೇಳಿದವರು ತಲೆದೂಗಿದರು. ನನಗೂ ಕಂಠವು ಗದ್ಗದವಾಯಿತೆಂದು ಹೇಳಲು ಇಂದು ನಾಚಿಕೆಯಾಗುವದು.

ಸಭೆಯು ಮುಗಿದ ಮೇಲೆ, ದಾಸೋಹದ ಮನೆಯಲ್ಲಿ ಬಹುಕಾಲದಿಂದ ಸೇವೆ ಮಾಡುತ್ತಿರುವ ಒಬ್ಬ ವೃದ್ಧ ತಾಯಿಯು ನನ್ನ ಬಳಿಗೆ ಬಂದು, "ಯಪ್ಪಾ, ನಲವತ್ತು ವರ್ಷದಿಂದ ದಿನಾ ಬಸವಣ್ಣನವರ ವಚನಾ ಓದತೇನಿ. ಇದು ಒಮ್ಮಿನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾವ ಪುಸ್ತಕದಾಗ ಐತಿ?" ಎಂದು ವಿನಯದಿಂದ ಕೇಳಿದಳು. ನಾಳೆ ಹೇಳುವೆನೆಂದು ನಾನು ನಕ್ಕು ಮನೆಗೆ ಬಂದೆನು.

ಮನೆಯಲ್ಲಿ ಸಮಗ್ರ ವಚನ ಸಂಪುಟಗಳಿದ್ದವು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರದವರು 1993ರಲ್ಲಿ ಪ್ರಕಟಿಸಿದ ಆ 15 ಸಂಪುಟಗಳಲ್ಲಿ ಮೊದಲನೆಯದೇ ಬಸವಣ್ಣನವರದು. ಮೂರು ಸಾಯಂಕಾಲ ಅದನ್ನು ಮೊದಲಿನಿಂದ ಕಡೆಯ ವರೆಗೆ ತಿರುವಿದೆನು. ಆ ಎಂಟು ಸಾಲುಗಳು ಎಲ್ಲಿಯೂ ಇರಲಿಲ್ಲ. ಆಗ ಹುಡುಗನಿಂದ ಯಂತ್ರವನ್ನೇ ಕೇಳಿಸಿದೆನು. ಅದು ಸ್ವಲ್ಪವೂ ಅನುಮಾನಿಸದೆ ಒಂದು ವಚನಸಂಖ್ಯೆಯನ್ನೂ ಪುಟಸಂಖ್ಯೆಯನ್ನೂ ಹೇಳಿತು. ಆ ಪುಟವನ್ನು ತೆರೆದು ನೋಡಿದರೆ ಅಲ್ಲಿ ಬೇರೆಯೇ ವಚನವಿತ್ತು. ಹಾಗೆಂದು ತಿಳಿಸಲು, ಯಂತ್ರವು ಬಹು ಮರ್ಯಾದೆಯಿಂದ ಕ್ಷಮೆಯನ್ನು ಬೇಡಿ ಮತ್ತೊಂದು ಪುಟವನ್ನು ಹೇಳಿತು. ಅದೂ ಸುಳ್ಳು. ಬಳಿಕ ಆ ಸಾಲುಗಳನ್ನು ಮತ್ತೊಮ್ಮೆ ಕಣ್ಣರಳಿಸಿ ಓದಿದೆನು. ನಡುವೆ "ವ್ಯಕ್ತಿತ್ವ ವಿಕಾಸ" ಎಂಬ ಮಾತಿತ್ತು! ಇದು ನಮ್ಮ ಕಾಲದ ಪಾಠಪುಸ್ತಕಗಳ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ಯಾರು ಆಡಿಯಾರು? ಮೂವತ್ತು ವರುಷ ಕನ್ನಡವನ್ನು ಕಲಿಸಿದ ನನ್ನ ಕಣ್ಣಿಗೆ ಇದು ಕಾಣದೆ ಹೋಯಿತು. ಕಾಣದ್ದಕ್ಕೆ ಕಾರಣವು ಅಜ್ಞಾನವಲ್ಲ; ನೋಡಬೇಕೆಂಬ ಮನಸ್ಸೇ ಹುಟ್ಟಲಿಲ್ಲ. ಸಿದ್ಧವಾದ ಎಡೆಯು ಮುಂದೆ ಬಂದಾಗ ಅಕ್ಕಿಯನ್ನು ಯಾರು ಆರಿಸಿದರೆಂದು ಕೇಳುವವರುಂಟೆ?

ಶರಣಬಂಧುಗಳೇ, ಯಂತ್ರವು ನನ್ನನ್ನು ಬೇಕೆಂದು ವಂಚಿಸಿತೆ? ಇಲ್ಲ. ವಂಚಿಸಬೇಕಾದರೆ ನಿಜವು ಯಾವದೆಂಬ ಅರಿವಿರಬೇಕು. ಈ ಯಂತ್ರಗಳ ಕ್ರಮವನ್ನು ನಾನು ಬಲ್ಲವರಿಂದ ಕೇಳಿ ತಿಳಿದುಕೊಂಡೆನು. 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ಹೊಸ ರಚನೆಯನ್ನು ಪ್ರಕಟಿಸಿದರು. ಆ ತಳಹದಿಯ ಮೇಲೆ ಬೆಳೆದ ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವನ್ನು ಓಪನ್‌ಎಐ ಸಂಸ್ಥೆಯವರು 2022ನೆಯ ನವೆಂಬರ 30ರಂದು ಜನರ ಮುಂದಿಟ್ಟರು. ಇಂಥ ಯಂತ್ರಗಳು ಆಮೇಲೆ ಹಲವು ಬಂದವು. ಅಪಾರವಾದ ಬರವಣಿಗೆಯನ್ನು ಇವುಗಳಿಗೆ ಉಣಿಸಿ, ಇಷ್ಟು ಮಾತುಗಳಾದ ಮೇಲೆ ಬರುವ ಸಂಭವವುಳ್ಳ ಮುಂದಿನ ಮಾತಿನ ತುಣುಕು ಯಾವದೆಂದು ಊಹಿಸುವದನ್ನು ಕಲಿಸುವರು. ಬಳಿಕ ಮನುಷ್ಯರು ಮೆಚ್ಚಿದ ಉತ್ತರಗಳ ಕಡೆಗೆ ಅವುಗಳನ್ನು ತಿದ್ದುವರು. ವಚನವನ್ನು ಕೇಳಿದರೆ ವಚನದ ಹಾಗೆ ತೋರುವ ಸಾಲುಗಳು, ಪುಟಸಂಖ್ಯೆಯನ್ನು ಕೇಳಿದರೆ ಪುಟಸಂಖ್ಯೆಯ ಹಾಗೆ ತೋರುವ ಅಂಕಿಗಳು ಹೊರಬೀಳುವವು. ನಿಜವು ಹೆಚ್ಚಾಗಿ ಬರೆಯಲ್ಪಟ್ಟಿರುವಲ್ಲಿ ಊಹೆಯು ನಿಜಕ್ಕೆ ಹೊಂದುವದು. ಬರವಣಿಗೆ ತೆಳ್ಳಗಿರುವಲ್ಲಿ ಅದು ಅಡ್ಡಹಾದಿಯನ್ನು ಹಿಡಿಯುವದು. ಎರಡೂ ಕಡೆಗಳಲ್ಲಿ ಧ್ವನಿ ಮಾತ್ರ ಒಂದೇ. ತಪ್ಪುವಾಗ ಮನುಷ್ಯನ ಮಾತು ತೊದಲುವದು, ಯಂತ್ರದ ಮಾತು ತೊದಲುವದಿಲ್ಲ. ಈಚಿನ ಯಂತ್ರಗಳು ಅಂತರ್ಜಾಲವನ್ನು ಶೋಧಿಸಿ ಆಧಾರದ ಕೊಂಡಿಗಳನ್ನೂ ಕೊಡುತ್ತಿರುವವು. ಇದು ಒಳಿತೇ ಸರಿ. ಆದರೆ ಆ ಕೊಂಡಿಯನ್ನು ತೆರೆದು, ಹೇಳಿದ್ದು ಅಲ್ಲಿ ಇದೆಯೋ ಇಲ್ಲವೋ ಎಂದು ನೋಡುವ ಕೆಲಸವು ಇನ್ನೂ ನಮ್ಮದಾಗಿಯೇ ಇರುವದು.

ಹಳ್ಳಿಯ ಉಪಾಧ್ಯಾಯನೊಬ್ಬನು ಮಾತ್ರ ಹೀಗೆ ಎಡವಿದನೆಂದು ತಾವು ತಿಳಿಯಬಾರದು. ಅಮೇರಿಕೆಯ ನ್ಯೂಯಾರ್ಕ ನಗರದಲ್ಲಿ 2023ರಲ್ಲಿ, ವಿಮಾನಪ್ರಯಾಣಿಕನೊಬ್ಬನು ಹೂಡಿದ ದಾವೆಯಲ್ಲಿ ಅವನ ವಕೀಲರು ನ್ಯಾಯಾಲಯಕ್ಕೆ ಒಂದು ಬರಹವನ್ನು ಸಲ್ಲಿಸಿದರು. ಅದರಲ್ಲಿ ಆಧಾರವಾಗಿ ತೋರಿಸಿದ ಪೂರ್ವತೀರ್ಪುಗಳಲ್ಲಿ ಆರು ತೀರ್ಪುಗಳು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಅವುಗಳನ್ನು ಚಾಟ್‌ಜಿಪಿಟಿಯು ಕಟ್ಟಿಕೊಟ್ಟಿತ್ತು. ಇವು ನಿಜವಾದ ತೀರ್ಪುಗಳೇ ಎಂದು ವಕೀಲರು ಆ ಯಂತ್ರವನ್ನೇ ಕೇಳಿದ್ದರು, ಅದು ಅಹುದೆಂದಿತ್ತು. ನ್ಯಾಯಾಧೀಶರು 5000 ಡಾಲರು ದಂಡವನ್ನು ವಿಧಿಸಿದರು. ಒಬ್ಬ ಸಾಕ್ಷಿಯ ಮಾತಿಗೆ ಅದೇ ಸಾಕ್ಷಿಯಿಂದ ಪುಷ್ಟಿಯನ್ನು ಪಡೆಯುವದು ಸಾಕ್ಷ್ಯಪರೀಕ್ಷೆಯಲ್ಲವೆಂಬದನ್ನು ವಕೀಲರೇ ಮರೆತರು. ನಾನು ಪುಟಸಂಖ್ಯೆಯನ್ನು ಯಂತ್ರದಿಂದಲೇ ಕೇಳಿದಾಗ ಮಾಡಿದ್ದೂ ಇದನ್ನೇ.

ಈ ಪ್ರಸಂಗವನ್ನು ಓದಿದಾಗ ನನಗೆ ನೆನಪಾದವರು ಮತ್ತೊಬ್ಬ ವಕೀಲರು, ವಿಜಾಪುರದ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡಿದ್ದ ಆ ಮಹನೀಯರು, ಮನೆಮನೆಗಳಲ್ಲಿಯೂ ಮಠಮಠಗಳಲ್ಲಿಯೂ ಪೂಜೆಗೊಳ್ಳುತ್ತ, ಧೂಳು ತಿನ್ನುತ್ತ ಇದ್ದ ತಾಡವೋಲೆಗಳನ್ನು ಕೂಡಿಸಿದರು. 1923ರಲ್ಲಿ "ವಚನಶಾಸ್ತ್ರಸಾರ"ದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ "ಶಿವಾನುಭವ" ಪತ್ರಿಕೆಯನ್ನು ತೆಗೆದರು. ಓಲೆಯ ಬರಹದಲ್ಲಿ ಪದಪದಗಳ ನಡುವೆ ಎಡೆಯಿರುವದಿಲ್ಲ. ಎಲ್ಲಿ ಒಂದು ಮಾತು ಮುಗಿದು ಎಲ್ಲಿ ಮತ್ತೊಂದು ಮೊದಲಾಗುವದೆಂಬದನ್ನು ಓದುವವನೇ ಅರ್ಥವನ್ನು ಹಿಡಿದು ನಿರ್ಣಯಿಸಬೇಕು. ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಇನ್ನೊಂದು. ಒಬ್ಬರ ವಚನವು ಮತ್ತೊಬ್ಬರ ಅಂಕಿತದೊಡನೆ ಸೇರಿರುವದೂ ಉಂಟು. ಅವರೂ ಅವರ ತರುವಾಯ ಬಂದ ಸಂಪಾದಕರೂ ಪ್ರತಿಗೆ ಪ್ರತಿಯನ್ನು ಹೋಲಿಸಿ, ಭಾಷೆಯನ್ನು ತೂಗಿ, ಸಂಶಯವಿದ್ದಲ್ಲಿ ಸಂಶಯವನ್ನು ಹೇಳಿ ನಮಗೆ ವಚನಗಳನ್ನು ಉಳಿಸಿಕೊಟ್ಟರು. ನಮ್ಮ ನಿತ್ಯಪಾರಾಯಣದ ಒಂದೊಂದು ಸಾಲಿನ ಹಿಂದೆಯೂ ಇಂಥ ವಿವೇಚನೆಯ ಶ್ರಮವುಂಟು. ಅಂಥ ಹೊಲದಲ್ಲಿ ಒಂದು ಕ್ಷಣದ ಅಲಕ್ಷ್ಯದಿಂದ ನಾನು ಕಳೆಯ ಬೀಜವನ್ನು ಬಿತ್ತಲು ಹೊರಟಿದ್ದೆನು.

ಕೇವಲ ಸುಳ್ಳು ಉತ್ತರವೇ ಅಪಾಯವಾಗಿದ್ದರೆ, ಯಂತ್ರಗಳು ತಿದ್ದುಪಾಟಾದಂತೆಲ್ಲ ಅಪಾಯವೂ ಕಡಿಮೆಯಾಗುವದೆಂದು ಸಮಾಧಾನಪಡಬಹುದಾಗಿತ್ತು. ಆದರೆ ಉತ್ತರವು ಸರಿಯಿದ್ದರೂ ನಮಗೆ ಹಾನಿಯುಂಟಾಗಬಹುದೆಂಬದೇ ಈ ವಿಷಯದ ಒಳಗುಟ್ಟು. ಅಮೇರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು 1000 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಲೇಖನವು ಇದಕ್ಕೆ ಸಾಕ್ಷಿಯಾಗಿರುವದು. ಗಣಿತದ ಅಭ್ಯಾಸದ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಸಂವಾದಯಂತ್ರವನ್ನು ಇದ್ದಂತೆಯೇ ಕೊಟ್ಟರು. ಆ ಮಕ್ಕಳು ಅಭ್ಯಾಸದ ಲೆಕ್ಕಗಳನ್ನು ಶೇಕಡಾ 48ರಷ್ಟು ಹೆಚ್ಚು ಚೆನ್ನಾಗಿ ಬಿಡಿಸಿದರು. ಆಮೇಲೆ ಯಂತ್ರವನ್ನು ತೆಗೆದುಕೊಂಡು ಪರೀಕ್ಷೆಯನ್ನಿಟ್ಟಾಗ, ಯಂತ್ರವನ್ನು ಎಂದೂ ಮುಟ್ಟದಿದ್ದ ಮಕ್ಕಳಿಗಿಂತ ಅವರು ಶೇಕಡಾ 17ರಷ್ಟು ಹಿಂದೆ ಬಿದ್ದರು. ಲೆಕ್ಕವು ಬಿಡಿಸಲ್ಪಟ್ಟಿತ್ತು, ಬಿಡಿಸುವ ಶಕ್ತಿಯು ಬೆಳೆದಿರಲಿಲ್ಲ. ಮತ್ತೊಂದು ಗುಂಪಿಗೆ, ಉತ್ತರವನ್ನು ನೇರವಾಗಿ ಹೇಳದೆ ಗುರುವಿನಂತೆ ಸುಳುಹನ್ನು ಮಾತ್ರ ಕೊಡುವಂತೆ ತಿದ್ದಿದ ಯಂತ್ರವನ್ನು ಕೊಟ್ಟಿದ್ದರು. ಅವರಲ್ಲಿ ಈ ಹಾನಿಯು ಬಹುಮಟ್ಟಿಗೆ ತಪ್ಪಿತು. ಈ ಎರಡನೆಯ ಮಾತನ್ನೂ ತಾವು ಮನಸ್ಸಿನಲ್ಲಿಡಬೇಕು.

ಮಕ್ಕಳ ಮಾತು ಹಾಗಿರಲಿ; ಪಳಗಿದ ಕೈಗಳ ಗತಿಯೇನು? ಪೋಲಂಡ ದೇಶದ ನಾಲ್ಕು ಚಿಕಿತ್ಸಾಕೇಂದ್ರಗಳಲ್ಲಿ ದೊಡ್ಡ ಕರುಳನ್ನು ಪರೀಕ್ಷಿಸುವ ವೈದ್ಯರಿಗೆ, ಮುಂದೆ ಅರ್ಬುದವಾಗಬಹುದಾದ ಗಂಟುಗಳನ್ನು ತೋರಿಸಿಕೊಡುವ ಯಂತ್ರಬುದ್ಧಿಯು ದೊರೆಯಿತು. ಅದು ಬರುವ ಮೊದಲು ವೈದ್ಯರು ತಮ್ಮ ಕಣ್ಣಿನಿಂದಲೇ 100 ಪರೀಕ್ಷೆಗಳಲ್ಲಿ ಸುಮಾರು 28ರಲ್ಲಿ ಗಂಟುಗಳನ್ನು ಕಾಣುತ್ತಿದ್ದರು. ಅದು ಬಳಕೆಗೆ ಬಂದ ಮೇಲೆ, ಯಂತ್ರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಈ ಪ್ರಮಾಣವು ಸುಮಾರು 22ಕ್ಕೆ ಇಳಿಯಿತೆಂದು 2025ರಲ್ಲಿ ವರದಿಯಾಯಿತು. ಇದಕ್ಕೆ ಬೇರೆ ಕಾರಣಗಳೂ ಕೂಡಿರಬಹುದು. ಒಂದೇ ಅಧ್ಯಯನದ ಮೇಲೆ ಶಾಸನವನ್ನು ಬರೆಯಲಾಗದು. ಆದರೂ ಮಸೆಯದ ಕುಡುಗೋಲಿಗೆ ತುಕ್ಕು ಹಿಡಿಯುವದನ್ನು ಕಂಡ ಒಕ್ಕಲಿಗರಿಗೆ ಇದನ್ನು ನಂಬುವದು ಕಷ್ಟವಲ್ಲ.

ಇನ್ನೊಂದು ಅಧ್ಯಯನದ ಮಾತನ್ನು ಹೇಳಿ ಈ ಭಾಗವನ್ನು ಮುಗಿಸುವೆನು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ ಸಂಸ್ಥೆಯ ಸಂಶೋಧಕರು ಬುದ್ಧಿಯ ಕೆಲಸವನ್ನು ಮಾಡುವ 319 ಜನರನ್ನು ವಿಚಾರಿಸಿ 2025ರಲ್ಲಿ ತಿಳಿಸಿದ್ದೇನೆಂದರೆ, ಯಂತ್ರದ ಮೇಲೆ ನಂಬಿಕೆಯು ಹೆಚ್ಚಿದ್ದಲ್ಲಿ ವಿಮರ್ಶೆಯು ಕಡಿಮೆಯಾಗಿಯೂ, ತಮ್ಮ ಮೇಲೆ ತಮಗೆ ನಂಬಿಕೆಯಿದ್ದಲ್ಲಿ ವಿಮರ್ಶೆಯು ಹೆಚ್ಚಾಗಿಯೂ ಕಂಡುಬಂದಿತು. ನಾವು ನಂಬುವದೂ ಬಹು ಬೇಗನೆ! 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು ಅಮೇರಿಕೆಯ ಎಂ. ಐ. ಟಿ. ವಿದ್ಯಾಲಯದಲ್ಲಿ ಎಲಿಜಾ ಎಂಬ ಅತಿ ಸರಳವಾದ ಸಂವಾದಯಂತ್ರವನ್ನು ಪ್ರಕಟಿಸಿದ್ದರು. ನಾವು ಆಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವದಷ್ಟೇ ಅದರ ವಿದ್ಯೆ. ಅದನ್ನು ಕಟ್ಟುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ಮಾತಿಗೆ ಕುಳಿತ ಮೇಲೆ ಸ್ವಲ್ಪ ಹೊರಗೆ ಹೋಗಿರೆಂದು ಅವರನ್ನು ಬೇಡಿಕೊಂಡಳಂತೆ. ಸವಿನುಡಿಗೆ ಮನಸ್ಸು ಸೋಲುವದು ಮನುಷ್ಯಸ್ವಭಾವವು. ಅಂದಿನ ಯಂತ್ರಕ್ಕೇ ಹೀಗಾದರೆ ಇಂದಿನದಕ್ಕೆ ನಾವು ಸೋಲುವದೇನು ಹೆಚ್ಚು?

ಹಾಗಾದರೆ ಈ ಸೋಲಿಗೆ ಮದ್ದೇನು? ಅದನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅನುಭವ ಮಂಟಪವೆಂಬ ಹೆಸರನ್ನು ನಾವು ಹೆಮ್ಮೆಯಿಂದ ಉಚ್ಚರಿಸುವೆವು. ಅಲ್ಲಿಯ ಸಂಪ್ರದಾಯವಾದರೂ ಯಾವದು? ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನು ಸಂವಾದರೂಪವಾಗಿ ಹೆಣೆದ "ಶೂನ್ಯಸಂಪಾದನೆ"ಯನ್ನು ತೆರೆದು ನೋಡಿರಿ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಹಾರವನ್ನು ಹಾಕಿ ಸ್ವಾಗತಿಸಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆಯನ್ನಿಟ್ಟು ಪರೀಕ್ಷಿಸಿದರು. ಸೊನ್ನಲಿಗೆಯಲ್ಲಿ ಕೆರೆಗುಡಿಗಳ ಕಾರ್ಯದಲ್ಲಿ ಮುಳುಗಿದ್ದ ಸಿದ್ಧರಾಮರ ಕೀರ್ತಿಯನ್ನು ಕೇಳಿ ಮೆಚ್ಚಿ ಸುಮ್ಮನಾಗಲಿಲ್ಲ; ಅಲ್ಲಿಗೇ ಹೋಗಿ ಕೆಣಕಿದರು. ಪ್ರಶ್ನಿಸಿದವರು ದ್ವೇಷದಿಂದ ಪ್ರಶ್ನಿಸಲಿಲ್ಲ, ಪ್ರಶ್ನೆಗೊಳಗಾದವರು ಅಪಮಾನವೆಂದು ಎದ್ದುಹೋಗಲಿಲ್ಲ. ಆ ಗ್ರಂಥವನ್ನಾದರೂ ನಮ್ಮ ಹಿರಿಯರು ಒಮ್ಮೆ ಬರೆದಿಟ್ಟು ಕೈಮುಗಿಯಲಿಲ್ಲ. ಮಹಾದೇವಯ್ಯನವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಇವರೆಲ್ಲರೂ ಅದನ್ನು ಮತ್ತೆ ಶೋಧಿಸಿ ಹೊಸದಾಗಿ ಸಂಕಲಿಸಿದರು. ಭಕ್ತಿಯೂ ವಿಮರ್ಶೆಯೂ ಒಂದೇ ಪೀಠದ ಮೇಲೆ ಕುಳಿತಿದ್ದ ಪರಂಪರೆಯು ನಮ್ಮದು.

ಇದಕ್ಕೂ ಆಳವಾದ ಮಾತೊಂದುಂಟು. ನಮ್ಮ ಧರ್ಮದಲ್ಲಿ ಇಷ್ಟಲಿಂಗವು ಅಂಗೈಯ ಮೇಲೆ ಇರುವದು. ಗುಡಿಯ ಪೂಜಾರಿಗೆ ಕಾಣಿಕೆಯನ್ನು ಕೊಟ್ಟು ನನ್ನ ಪರವಾಗಿ ಪೂಜೆ ಮಾಡೆಂದು ಹೇಳುವ ಏರ್ಪಾಡು ಇಲ್ಲಿಲ್ಲ. ಅರಸನಾಗಲಿ ಆಳಾಗಲಿ, ಗಂಡಾಗಲಿ ಹೆಣ್ಣಾಗಲಿ, ತನ್ನ ಕೈಯ ಲಿಂಗವನ್ನು ತನ್ನ ಕಣ್ಣಿನಿಂದ ತಾನೇ ದಿಟ್ಟಿಸಬೇಕು. ಕಾಯಕವೂ ಹೀಗೆಯೇ; ಅದನ್ನು ಮಾಡುವವನಿಗೇ ಅದರ ಸಿದ್ಧಿಯು. ಶರಣರು ಪೂಜೆಯಲ್ಲಿ ಮಧ್ಯಸ್ಥನನ್ನು ಒಲ್ಲೆನೆಂದರು. ನಾವು ಈಗ ವಿಚಾರದಲ್ಲಿಯೇ ಒಬ್ಬ ಮಧ್ಯಸ್ಥನನ್ನು ನೇಮಿಸಿಕೊಳ್ಳಲು ಆತುರಪಡುತ್ತಿರುವೆವು. ಯಾರನ್ನು ನಂಬಬೇಕು, ಯಾವದು ನ್ಯಾಯ, ಮಗಳಿಗೆ ಬರೆಯುವ ಸಾಂತ್ವನದ ಪತ್ರದಲ್ಲಿ ಏನು ಹೇಳಬೇಕು ಎಂಬದನ್ನೂ ಆ ಮಧ್ಯಸ್ಥನೇ ನಿರ್ಣಯಿಸಲೆಂದು ಬಿಟ್ಟುಬಿಟ್ಟರೆ, ಅರಿವು ಹುಟ್ಟುವದೆಲ್ಲಿ? ಭಾರವನ್ನು ಹೊರುವದಕ್ಕೆ ಯಂತ್ರವು ಬರಲಿ; ತೂಗುವ ತಕ್ಕಡಿಯು ನಮ್ಮ ಕೈಯಲ್ಲಿಯೇ ಇರಬೇಕು. ನನ್ನ ಭಾಷಣದ ಸಾರವೆಲ್ಲವೂ ಇಷ್ಟೇ.

ಯಂತ್ರವನ್ನೇ ಮನೆಯಿಂದ ಹೊರಗೆ ಹಾಕಬೇಕೆಂದು ನಾನು ಹೇಳುವೆನೆಂದು ಯಾರೂ ಭಾವಿಸಬಾರದು. ಕಣ್ಣು ಕಾಣದವರಿಗೆ ಅದು ಪತ್ರವನ್ನು ಓದಿ ಹೇಳುವದು. ಬಾರದ ಭಾಷೆಯ ಕಾಗದವನ್ನು ಕನ್ನಡಿಸಿಕೊಡುವದು. ನಾಚಿಕೆಯಿಂದ ಗುರುಗಳನ್ನು ಕೇಳಲಾರದ ಮಗುವಿಗೆ ಹತ್ತು ಸಲ ಬೇಸರವಿಲ್ಲದೆ ಹೇಳಿಕೊಡುವದು. ಓಲೆಯನ್ನು ಬಿಟ್ಟು ಅಚ್ಚಿನ ಯಂತ್ರವನ್ನು ಹಳಕಟ್ಟಿಯವರು ಹಿಡಿಯದಿದ್ದರೆ ವಚನಗಳು ಇಷ್ಟು ಜನರ ಕೈಗೆ ಬರುತ್ತಿದ್ದವೆ? ಟರ್ಕಿಯ ಎರಡನೆಯ ಗುಂಪಿನ ಮಕ್ಕಳು ತೋರಿಸಿದಂತೆ, ಯಂತ್ರವು ಉತ್ತರವನ್ನು ಉಣಿಸುವ ದಾದಿಯಾಗದೆ ಪ್ರಶ್ನೆಯನ್ನು ಕೇಳುವ ಸಂಗಾತಿಯಾದರೆ ಹಾನಿಯು ಬಹುಮಟ್ಟಿಗೆ ತಪ್ಪುವದು. ಹೇಗೆ ಬಳಸುವೆವೆಂಬದರಲ್ಲಿಯೇ ಎಲ್ಲವೂ ಅಡಗಿರುವದು. ಆದುದರಿಂದ ನನ್ನ ತಪ್ಪಿನ ತರುವಾಯ ನಾನು ಕೈಕೊಂಡ ಐದು ನೇಮಗಳನ್ನು ತಮ್ಮ ಮುಂದಿಡುವೆನು.

ಮೊದಲನೆಯದು, ಕೇಳುವ ಮೊದಲು ಯೋಚಿಸುವದು. ಯಾವ ಪ್ರಶ್ನೆಯೇ ಇರಲಿ, ನನಗೆ ತೋಚಿದ ಉತ್ತರವನ್ನು ಎರಡು ಸಾಲಾದರೂ ಕಾಗದದ ಮೇಲೆ ಬರೆದು, ಆಮೇಲೆ ಯಂತ್ರವನ್ನು ಕೇಳುವೆನು. ನನ್ನದೆಂಬದೊಂದು ಮುಂದಿದ್ದರೆ ಮಾತ್ರ ಹೋಲಿಸಿ ನೋಡಲು ಸಾಧ್ಯವು. ಬರಿಗೈಯವನು ಕೊಟ್ಟದ್ದನ್ನು ತೆಗೆದುಕೊಳ್ಳುವನಷ್ಟೆ.

ಎರಡನೆಯದು, ಆಧಾರವನ್ನು ಕೇಳಿ, ಆ ಆಧಾರವನ್ನು ಯಂತ್ರದ ಹೊರಗೆ ಹೋಗಿ ನೋಡುವದು. ಗ್ರಂಥವಾದರೆ ಗ್ರಂಥವನ್ನು ತೆರೆಯಬೇಕು. ಕಾಯಿದೆಯಾದರೆ ಕಾಯಿದೆಯ ಮೂಲವನ್ನು ಓದಬೇಕು. ಔಷಧದ ಮಾತಾದರೆ ವೈದ್ಯರ ಬಾಗಿಲಿಗೆ ಹೋಗಬೇಕು.

ಮೂರನೆಯದು, ಎದುರು ಪಕ್ಷವನ್ನು ಕೇಳುವದು. ನಮ್ಮನ್ನು ಮೆಚ್ಚಿಸುವದರ ಕಡೆಗೆ ಯಂತ್ರಕ್ಕೆ ಒಲವಿರುವದರಿಂದ, ನನ್ನ ಮಾತು ಸರಿಯೇ ಎಂದು ಕೇಳಿದರೆ ಅಹುದೆನ್ನುವ ಸಂಭವವೇ ಹೆಚ್ಚು. ನನ್ನ ಮಾತಿನಲ್ಲಿ ತಪ್ಪಾವದು, ಇದನ್ನು ಒಪ್ಪದವನು ಏನೆನ್ನುವನು ಎಂದು ಕೇಳಬೇಕು. ಹೊಗಳಿಕೆಯನ್ನು ಬೇಡುವವನಿಗೆ ಯಂತ್ರವು ಆಸ್ಥಾನದ ಭಟ್ಟಂಗಿಯಾಗುವದು, ಪರೀಕ್ಷೆಯನ್ನು ಬೇಡುವವನಿಗೆ ಅದು ಉಪಯೋಗಕ್ಕೆ ಬೀಳುವದು.

ನಾಲ್ಕನೆಯದು, ಶಕ್ತಿಯನ್ನು ಬಳಕೆಯಲ್ಲಿಡುವದು. ವಾರಕ್ಕೊಂದು ದಿನ ಏಕಾದರೂ ಪತ್ರವನ್ನು ಕೈಯಿಂದ ಬರೆಯುವದು, ಮನೆಯ ಲೆಕ್ಕವನ್ನು ಬಾಯಿಂದ ಮಾಡುವದು, ಹತ್ತು ಪುಟಗಳನ್ನು ಸಾರಾಂಶದ ಸಹಾಯವಿಲ್ಲದೆ ಓದಿ ಅದರ ಸಾರವನ್ನು ಮಕ್ಕಳಿಗೆ ಹೇಳುವದು. ಇದು ಉಪವಾಸವಲ್ಲ, ಗರಡಿಯ ಸಾಮು.

ಐದನೆಯದು, ಗೋಷ್ಠಿಯನ್ನು ಬಿಡದಿರುವದು. ನಾನು ಒಬ್ಬನೇ ಯಂತ್ರದ ಮುಂದೆ ಕುಳಿತಿದ್ದಾಗ ನನ್ನ ತಪ್ಪು ನನಗೆ ತಿಳಿಯಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟಾಗ ಅದು ಬಯಲಾಯಿತು. ಬುದ್ಧಿಗೆ ಸಾಣೆಯು ಮತ್ತೊಬ್ಬರ ಬುದ್ಧಿಯೇ.

ಕಡೆಯದಾಗಿ ನಮ್ಮ ಶ್ರೀಮಠದ ಶಿಷ್ಯವರ್ಗಕ್ಕೆ ಒಂದು ವಿಶೇಷವಾದ ವಿಜ್ಞಾಪನೆಯುಂಟು. ಇಂಗ್ಲೀಷಿನ ಬರವಣಿಗೆಯು ಅಂತರ್ಜಾಲದಲ್ಲಿ ಸಮುದ್ರದಂತಿರುವದು. ಕನ್ನಡದ್ದು ಅದರ ಮುಂದೆ ಒಂದು ಕೆರೆಯು. ಸಮುದ್ರದಲ್ಲಿ ಒಂದು ಕೊಡ ಕೆಸರು ಕಾಣದೆ ಹೋಗಬಹುದು, ಕೆರೆಯು ಕದಡುವದು. ಇಂದು ನಾವು ಪರೀಕ್ಷಿಸದೆ ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸುವ ಹುಸಿ ವಚನವು ನಾಳೆ ಯಾವದೋ ಜಾಲತಾಣವನ್ನು ಸೇರುವದು. ನಾಡಿದ್ದು ಮುಂದಿನ ಯಂತ್ರವು ಅದನ್ನು ಓದಿ, ಬಸವಣ್ಣನವರು ಹೀಗೆಂದರೆಂದು ನಮ್ಮ ಮೊಮ್ಮಕ್ಕಳಿಗೆ ಹೇಳುವದು. ಆಗ ಅದಕ್ಕೆ ಆಧಾರವೂ ದೊರೆಯುವದು. ಆ ಆಧಾರವು ನಾವೇ! ತಾಡವೋಲೆಗೆ ಹುಳು ಹತ್ತಿದರೆ ಅಕ್ಷರವು ಹೋಗುತ್ತಿತ್ತು; ಈ ಹುಳುವಾದರೋ ಇಲ್ಲದ ಅಕ್ಷರವನ್ನು ಹುಟ್ಟಿಸುವದು. ಹೋದದ್ದು ಹೋಯಿತೆಂದಾದರೂ ತಿಳಿಯುತ್ತಿತ್ತು. ಹುಸಿಯಾಗಿ ಹುಟ್ಟಿದ್ದು ನಿಜದೊಡನೆ ಬೆರೆತರೆ ಬೇರ್ಪಡಿಸುವವರು ಯಾರು? ನೂರು ವರುಷಗಳ ಹಿಂದೆ ವಚನಗಳನ್ನು ಮರವೆಯಿಂದ ಉಳಿಸಿದ ಹಾಗೆ ಈಗ ಅವುಗಳನ್ನು ಬೆರಕೆಯಿಂದ ಉಳಿಸುವದು ನಮ್ಮ ತಲೆಮಾರಿನ ಸೇವೆಯಾಗಿರುವದು. ಇದಕ್ಕೆ ಪಾಂಡಿತ್ಯವು ಬೇಕಾಗಿಲ್ಲ. ಯಾವದೊಂದು ವಚನವನ್ನು ಕಳಿಸುವ ಮೊದಲು ಸಂಪುಟವನ್ನು ತೆರೆದು ನೋಡುವದು, ಅದರ ಸಂಖ್ಯೆಯನ್ನು ಕೂಡಿಸಿ ಕಳಿಸುವದು, ಸಿಗದಿದ್ದರೆ ಕಳಿಸದಿರುವದು, ಇಷ್ಟು ಸಾಕು.

ನನ್ನ ಲೇಖನದಿಂದ ಆ ಎಂಟು ಸಾಲುಗಳನ್ನು ಕಿತ್ತುಹಾಕಿದೆನು. ಮುಂದಿನ ಸೋಮವಾರ ಅದೇ ಗೋಷ್ಠಿಯಲ್ಲಿ ಎದ್ದು ನಿಂತು, ಹಿಂದಿನ ವಾರ ನಾನು ನಿರ್ವಚನ ಮಾಡಿದ್ದು ವಚನವೇ ಅಲ್ಲವೆಂದು ಹೇಳಿದೆನು. ಕೆಲವರು ನಕ್ಕರು, ಕೆಲವರು, ಅರ್ಥವು ಚೆನ್ನಾಗಿತ್ತಲ್ಲ, ಇದ್ದರೇನೆಂದರು. ಅರ್ಥವು ಚೆನ್ನಾಗಿದ್ದರೆ ಅದನ್ನು ನಮ್ಮ ಹೆಸರಿನಿಂದ ಹೇಳೋಣ. ಬಸವಣ್ಣನವರ ಅಂಕಿತವನ್ನು ಕದ್ದು ಹೇಳುವ ಕಾರಣವೇನು? ಮಹೋತ್ಸವ ಸಮಿತಿಯವರು ನನ್ನ ತಪ್ಪನ್ನು ಮನ್ನಿಸಿದ್ದಲ್ಲದೆ, ಈ ಸಂಪುಟದಲ್ಲಿ ಬರುವ ಪ್ರತಿಯೊಂದು ವಚನಕ್ಕೂ ಸಂಪುಟಸಂಖ್ಯೆ ಮತ್ತು ವಚನಸಂಖ್ಯೆಗಳನ್ನು ಕೊಡಬೇಕೆಂದು ಗೊತ್ತುಮಾಡಿರುವರು. ಅಚ್ಚಿಗೆ ಹೋಗುವ ಮೊದಲು ಅವುಗಳನ್ನು ಮೂಲದೊಡನೆ ಹೋಲಿಸಿ ನೋಡುವ ಕಾರ್ಯಕ್ಕೆ ಮೂವರು ಗೊತ್ತಾಗಿರುವರು. ಅವರಲ್ಲಿ ಒಬ್ಬರು ದಾಸೋಹದ ಮನೆಯ ಆ ತಾಯಿ. ಮಧ್ಯಾಹ್ನದ ಪ್ರಸಾದವಾದ ಮೇಲೆ ಅವರು ಕೈ ತೊಳೆದುಕೊಂಡು ಬಂದು, ಕನ್ನಡಕವನ್ನು ಏರಿಸಿ, ಒಂದು ಕೈಯಲ್ಲಿ ಕರಡುಪ್ರತಿ, ಒಂದು ಕೈಯಲ್ಲಿ ಸಂಪುಟವನ್ನು ಹಿಡಿದು, ಸಾಲಿನ ಮೇಲೆ ಬೆರಳನ್ನಿಟ್ಟು ಓದುತ್ತ ಕುಳಿತಿರುವದನ್ನು ತಾವು ಈಗಲೂ ಗ್ರಂಥಭಾಂಡಾರದಲ್ಲಿ ನೋಡಬಹುದು.

ಆ ಬೆರಳಿಗೆ ಶರಣೆಂದು ನನ್ನ ಭಾಷಣವನ್ನು ಮುಗಿಸುವೆನು.